ಎದೊ ಕಾಲದ ಹಚ್ಚೆಯಲ್ಲಿ ಹೂವು: ಅರ್ಥ ಮತ್ತು ಸಂದರ್ಭ

ಕನ್ನಡದ ‘ಹಚ್ಚೆ’ ಎಂಬ ಪದವು ‘ಪಚ್ಚೆ’ಯಿಂದ ಬಂದುದು. ಪಕಾರವು ಹಕಾರವಾಗಿ ಮಾರ್ಪಟ್ಟ ಈ ರೂಪದಲ್ಲಿ ಹಸಿರು ಎಂಬ ಮೂಲಾರ್ಥ ಅಡಗಿದೆ. ತಮಿಳಿನ ‘ಪಚ್ಚೈ ಕುತ್ತು’, ತೆಲುಗಿನ ‘ಪಚ್ಚಬೊಟ್ಟು’ ಇದೇ ಕುಲಕ್ಕೆ ಸೇರಿದವು. ಚೀನೀಯರು ಹಚ್ಚೆಗೆ ಬಳಸುವ ಒಂದು ಪದಕ್ಕೂ ‘ಚಿಂಗ್ ಚುಚ್ಚುವುದು’ ಎಂದೇ ಅರ್ಥ. ಚಿಂಗ್ ಎಂದರೆ ಹಸಿರು ಮತ್ತು ನೀಲಿ ಎರಡೂ ಹೌದು. ಈ ಎರಡು ಭಾಷಾಕುಲಗಳ ನಡುವೆ ಇಲ್ಲಿ ಯಾವ ಕೊಳುಕೊಡೆಯೂ ನಡೆದಿಲ್ಲ. ಮಸಿಯ ಕಪ್ಪು ಕಣಗಳು ಚರ್ಮದ ಒಳಪದರದಲ್ಲಿ ನೆಲೆಸಿದಾಗ ಹೊರಗಿನ ಕಣ್ಣಿಗೆ ಹಸಿರುನೀಲಿಯಾಗಿ ತೋರುತ್ತವೆ. ದೀಪದ ಮಸಿಗೆ ಸೊಪ್ಪಿನ ರಸ ಬೆರೆಸುತ್ತಿದ್ದ ನಮ್ಮ ಕೊರವಂಜಿಯೂ ಪೂರ್ವ ಏಷ್ಯಾದ ಕುಶಲಕರ್ಮಿಯೂ ತಮ್ಮ ಕಣ್ಣು ಕಂಡುದನ್ನೇ ಹೆಸರಿಸಿದರು.

ಚೀನೀ ಭಾಷೆಯಲ್ಲಿ ಹಚ್ಚೆಗೆ ಇನ್ನೊಂದು ಹಳೆಯ ಹೆಸರಿದೆ. ಅದರ ಅಕ್ಷರಶಃ ಅರ್ಥ ‘ಹೂವಿನ ಕಸೂತಿ’. ಪ್ರಸ್ತುತ ಲೇಖನದ ಜಿಜ್ಞಾಸೆ ಹುಟ್ಟುವುದು ಇಲ್ಲಿಂದ. ಹಚ್ಚೆಯ ಹೂವುಗಳನ್ನು ಕುರಿತು ಇಂದು ದೊರೆಯುವ ಬರವಣಿಗೆಗಳಲ್ಲಿ ಬಹುಪಾಲು ಒಂದು ಹೂವಿಗೆ ಒಂದು ಅರ್ಥವನ್ನು ಕೊಟ್ಟು ಮುಗಿಸುತ್ತವೆ: ಕಮಲವೆಂದರೆ ಪಾವಿತ್ರ್ಯ, ಚೆರ್ರಿ ಹೂವೆಂದರೆ ಕ್ಷಣಿಕತೆ, ಪಿಯೊನಿ ಎಂದರೆ ಐಶ್ವರ್ಯ. ಹೂವಿನ ಹಚ್ಚೆಯು ಅತ್ಯಂತ ಪರಿಷ್ಕಾರವನ್ನು ಪಡೆದ ಎದೊ ಕಾಲದ (1603–1868) ಜಪಾನಿನ ನಿದರ್ಶನವನ್ನು ಪರಿಶೀಲಿಸಿದರೆ ಈ ಬಗೆಯ ಪಟ್ಟಿಗಳು ನಿಲ್ಲುವುದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲಿಗೆ ಶಬ್ದಗಳ ವಿಚಾರ. ಜಪಾನಿನಲ್ಲಿ ಹಚ್ಚೆಗೆ ‘ಇರೆಜುಮಿ’ ಮತ್ತು ‘ಹೊರಿಮೋನೊ’ ಎಂಬ ಎರಡು ಪದಗಳು ರೂಢಿಯಲ್ಲಿದ್ದವು. ಮೊದಲನೆಯದಕ್ಕೆ ಮಸಿ ಸೇರಿಸುವುದು ಎಂಬ ಅರ್ಥ. ಇದು ವಿಶೇಷವಾಗಿ ಶಿಕ್ಷೆಯ ಹಚ್ಚೆಗೆ ಸಲ್ಲುತ್ತಿತ್ತು. 1720ರಲ್ಲಿ ಶೋಗುನ್ ಯೋಶಿಮುನೆಯ ಆಡಳಿತವು ಅಪರಾಧಿಗಳ ಕಿವಿ ಮೂಗುಗಳನ್ನು ಕೊಯ್ಯುವ ಬದಲಿಗೆ ತೋಳಿನ ಮೇಲೋ ಹಣೆಯ ಮೇಲೋ ಗುರುತು ಹಾಕುವ ಪದ್ಧತಿಯನ್ನು ತಂದಿತು. ಎರಡನೆಯ ಪದಕ್ಕೆ ‘ಕೆತ್ತಿದ್ದು’ ಎಂದರ್ಥ. ಮರದ ಅಚ್ಚು ಕೊರೆಯುವುದಕ್ಕೆ ಯಾವ ಕ್ರಿಯಾಪದವೋ ಇದಕ್ಕೂ ಅದೇ. ಹಚ್ಚೆಯ ಕುಶಲಕರ್ಮಿಗಳು ತಮ್ಮ ಹೆಸರಿನ ಮೊದಲಿಗೆ ‘ಹೊರಿ’ ಎಂದು ಸೇರಿಸಿಕೊಳ್ಳುವುದು ಈ ಕಾರಣದಿಂದ. ಒಂದೇ ಕಾಲದಲ್ಲಿ ಒಂದೇ ಮಸಿಯು ಒಬ್ಬನಿಗೆ ಕಳಂಕವಾಗಿಯೂ ಇನ್ನೊಬ್ಬನಿಗೆ ಅಲಂಕಾರವಾಗಿಯೂ ಇದ್ದಿತು ಎಂಬುದನ್ನು ಗಮನದಲ್ಲಿಡಬೇಕು.

ಅಲಂಕಾರದ ಹಚ್ಚೆಯ ಆರಂಭರೂಪ ಚಿತ್ರವಲ್ಲ, ಚುಕ್ಕೆ. ಯೊಶಿವಾರಾದಂತಹ ಗಣಿಕಾವಾಟಗಳಲ್ಲಿ ಪ್ರೇಮಿಗಳಿಬ್ಬರೂ ಕೈಯ ಮೇಲೆ ಮಚ್ಚೆಯಂತಹ ಒಂದು ಬೊಟ್ಟನ್ನು ಚುಚ್ಚಿಸಿಕೊಳ್ಳುತ್ತಿದ್ದರು. ಇಬ್ಬರೂ ಕೈ ಹಿಡಿದಾಗ ಒಬ್ಬರ ಹೆಬ್ಬೆರಳ ತುದಿ ಇನ್ನೊಬ್ಬರ ಬೊಟ್ಟಿನ ಮೇಲೆ ಬರುತ್ತಿತ್ತು. ಉತ್ತರ ಕರ್ನಾಟಕದ ‘ಹಣಚಿಬೊಟ್ಟು’ ಎಂಬ ಪದವನ್ನು ಬಲ್ಲವರಿಗೆ ಬೊಟ್ಟಿನಿಂದ ಹಚ್ಚೆ ಬೆಳೆಯುವ ಈ ಕ್ರಮ ಅಪರಿಚಿತವೆನಿಸದು.

ಚುಕ್ಕೆ ಮತ್ತು ಅಕ್ಷರಗಳಿಂದ ಇಡೀ ಬೆನ್ನನ್ನು ತುಂಬುವ ಚಿತ್ರಕ್ಕೆ ಹಚ್ಚೆ ಬೆಳೆದುದು ಒಂದು ಗ್ರಂಥದ ಪ್ರಭಾವದಿಂದ. ಸೋಂಗ್ ವಂಶದ ಕಾಲದ ನೂರೆಂಟು ಮಂದಿ ದಂಗೆಕೋರರ ಕಥೆಯನ್ನು ಹೇಳುವ ಚೀನೀ ಕಾದಂಬರಿಯು ಜಪಾನಿನಲ್ಲಿ ‘ಸುಯಿಕೊದೆನ್’ ಎಂದು ಪ್ರಸಿದ್ಧವಾಯಿತು. 1805ರಿಂದ ಬಾಕಿನನ ಅನುವಾದವು ಹೊಕುಸಾಯಿಯ ಚಿತ್ರಗಳೊಡನೆ ಪ್ರಕಟವಾಗತೊಡಗಿತು. 1827ರ ಸುಮಾರಿಗೆ ಉಟಗಾವಾ ಕುನಿಯೋಶಿಯು (1798–1861) ಈ ವೀರರ ಬಣ್ಣದ ಅಚ್ಚುಚಿತ್ರಗಳ ಮಾಲೆಯನ್ನು ಆರಂಭಿಸಿದನು. ಮೂಲ ಕಾದಂಬರಿಯಲ್ಲಿ ಅಲಂಕಾರದ ಹಚ್ಚೆಯುಳ್ಳವರು ಕೆಲವೇ ಮಂದಿ. ಕುನಿಯೋಶಿಯು ಅದಕ್ಕಿಂತ ಹೆಚ್ಚಿನವರ ಮೈಗಳನ್ನು ಹಚ್ಚೆಯಿಂದ ತುಂಬಿದನು. ಚಿತ್ರಗಳು ಎಷ್ಟು ಜನಪ್ರಿಯವಾದುವೆಂದರೆ ಎದೊ ನಗರದ ಬೆಂಕಿ ಆರಿಸುವ ಪಡೆಯವರು, ಕಟ್ಟಡ ಕೆಲಸಗಾರರು, ಪಲ್ಲಕ್ಕಿ ಹೊರುವವರು ಮತ್ತು ಅಂಚೆ ಓಟಗಾರರು ಅವನ್ನು ತಮ್ಮ ಮೈಮೇಲೆ ಕೆತ್ತಿಸಿಕೊಳ್ಳಲಾರಂಭಿಸಿದರು. ಇವರೆಲ್ಲ ಮೈ ಬಿಟ್ಟು ದುಡಿಯುವವರು. ರೇಷ್ಮೆ, ಜರಿಗಳನ್ನು ಉಡಲು ಕಾನೂನು ಅಡ್ಡಿಯಾಗಿದ್ದ ಸಮಾಜದಲ್ಲಿ ಅವರು ಚರ್ಮವನ್ನೇ ಕಸೂತಿ ಮಾಡಿಸಿಕೊಂಡರೆಂದು ಹೇಳಬಹುದು.

ಈ ಕಾದಂಬರಿಯಲ್ಲಿ ಬರುವ ಸನ್ಯಾಸಿಯೊಬ್ಬನ ಅಡ್ಡಹೆಸರು ‘ಹೂವಿನ ಸನ್ಯಾಸಿ’. ಲು ಜಿಶೆನ್ ಎಂಬ ಈತ ಬೆನ್ನಿನ ಮೇಲಿನ ಹಚ್ಚೆಯಿಂದ ಆ ಹೆಸರನ್ನು ಪಡೆದವನು. ಮದ್ಯಮಾಂಸಪ್ರಿಯ, ಮಹಾಕೋಪಿ, ದುರ್ಬಲರ ರಕ್ಷಕ. ಆದರೆ ಚೀನೀ ಭಾಷೆಯ ‘ಹುವಾ’ ಎಂಬ ಪದಕ್ಕೆ ಹೂವು ಎಂಬಂತೆಯೇ ಚಿತ್ತಾರ ಎಂಬ ಅರ್ಥವೂ ಇದೆ. ಹಾಗಾಗಿ ಆತನ ಬೆನ್ನ ಮೇಲೆ ಇದ್ದುದು ನಿಜಕ್ಕೂ ಹೂವೇ ಅಥವಾ ಬರಿಯ ಚಿತ್ತಾರವೇ ಎಂಬುದು ಆ ಒಂದು ಪದದಿಂದ ನಿರ್ಧಾರವಾಗುವುದಿಲ್ಲ. ಅಕ್ಷರವನ್ನು ಕಣ್ಣಿನಿಂದ ಓದಿದ ಜಪಾನೀಯರಿಗೆ ಮಾತ್ರ ಅದು ಹೂವಾಗಿಯೇ ಕಂಡಿತು. ಪೂರ್ವ ಏಷ್ಯಾದ ಅತ್ಯಂತ ಪ್ರಸಿದ್ಧ ಹೂವಿನ ಹಚ್ಚೆಯು ಶ್ಲೇಷೆಯೊಂದರ ಫಲವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಜಪಾನಿನ ಹಚ್ಚೆಯಲ್ಲಿ ಹೂವು ಒಂಟಿಯಾಗಿ ಬರುವುದು ವಿರಳ. ಮುಖ್ಯ ವಸ್ತುವಾಗಿ ವೀರ, ಘಟಸರ್ಪ, ಮೀನು ಅಥವಾ ದೇವತೆ. ಹಿನ್ನೆಲೆಯಲ್ಲಿ ಅಲೆ, ಗಾಳಿ, ಮೋಡ. ಇವುಗಳ ನಡುವೆ ಪೂರಕವಾಗಿ ಹೂವು. ಹೂವು ಯಾವುದರ ಜೊತೆಗಿದೆ ಎಂಬುದರಿಂದಲೇ ಅದರ ಅರ್ಥ ಸಿದ್ಧಿಸುತ್ತದೆ. ಪಿಯೊನಿ (‘ಬೊತಾನ್’) ಇದಕ್ಕೆ ಒಳ್ಳೆಯ ಉದಾಹರಣೆ. ಚೀನಾದಿಂದ ಔಷಧೀಯ ಸಸ್ಯವಾಗಿ ಬಂದ ಇದಕ್ಕೆ ಪುಷ್ಪರಾಜನೆಂಬ ಬಿರುದು. ಹಚ್ಚೆಯಲ್ಲಿ ಇದರ ಜೊತೆಗಾರ ಸಿಂಹ. ಜಪಾನಿನ ಕಾಡುಗಳಲ್ಲಿ ಸಿಂಹವಿಲ್ಲ. ಮಂಜುಶ್ರೀ ಬೋಧಿಸತ್ವನ ವಾಹನವಾಗಿ ಬೌದ್ಧಧರ್ಮದೊಡನೆ ಭಾರತದಿಂದ ಚೀನಾದ ಮೂಲಕ ಅಲ್ಲಿಗೆ ಸಾಗಿಬಂದ ಪ್ರಾಣಿ ಅದು. ‘ಶಾಕ್ಕ್ಯೋ’ ಎಂಬ ನೋ ನಾಟಕದಲ್ಲಿ ಮಂಜುಶ್ರೀಯ ಪವಿತ್ರ ಪರ್ವತದ ಕಲ್ಲುಸೇತುವೆಯ ಬಳಿ ಪಿಯೊನಿಗಳ ನಡುವೆ ಸಿಂಹ ನರ್ತಿಸುತ್ತದೆ. ಜನಪದದಲ್ಲಿ ಇನ್ನೊಂದು ವಿವರಣೆಯಿದೆ: ಯಾವ ಶತ್ರುವಿಗೂ ಅಂಜದ ಸಿಂಹಕ್ಕೆ ತನ್ನ ರೋಮದೊಳಗೆ ಹುಟ್ಟುವ ಹುಳುವಿನ ಭಯ, ಆ ಹುಳುವನ್ನು ಕೊಲ್ಲಬಲ್ಲುದು ಪಿಯೊನಿಯ ಮೇಲಿನ ಇಬ್ಬನಿ ಮಾತ್ರ, ಆದುದರಿಂದ ಸಿಂಹ ಆ ಹೂವಿನ ಕೆಳಗೆ ಮಲಗುತ್ತದೆ. ಹೀಗೆ ಬೆನ್ನ ಮೇಲಿನ ಪಿಯೊನಿಯು ಬಲಿಷ್ಠನ ಆಶ್ರಯಸ್ಥಾನವಾಗುತ್ತದೆ. ಐಶ್ವರ್ಯವೆಂಬ ನಿಘಂಟಿನ ಅರ್ಥದಿಂದ ಇದು ಬಹುದೂರ.

ಸೇವಂತಿಗೆಯ (‘ಕಿಕು’) ಕಥೆ ಬೇರೆ. ಗಡೀಪಾರಾದ ಬಾಲಕನೊಬ್ಬ ಸೇವಂತಿಗೆ ಎಲೆಯ ಮೇಲೆ ಸೂತ್ರವನ್ನು ಬರೆದು, ಅದರ ಇಬ್ಬನಿಯನ್ನು ಕುಡಿದು ಶತಮಾನಗಳ ಕಾಲ ಬಾಲಕನಾಗಿಯೇ ಬದುಕಿದನೆಂಬ ಕಥೆ ನೋ ರಂಗಭೂಮಿಯಲ್ಲಿ ಪ್ರಸಿದ್ಧ. ದೀರ್ಘಾಯುಷ್ಯದ ಅರ್ಥ ಇಲ್ಲಿಂದ. ಅದೇ ಹೂವು ಚಕ್ರವರ್ತಿಯ ಲಾಂಛನವೂ ಹೌದು. ಮೇಜಿ ಸರಕಾರವು ತನ್ನ ಮೊದಲ ವರ್ಷಗಳಲ್ಲಿಯೇ ಹದಿನಾರು ದಳಗಳ ಆ ಲಾಂಛನದ ಬಳಕೆಯನ್ನು ನಿರ್ಬಂಧಿಸಿತು. ಕಮಲದ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ: ಬೌದ್ಧ ದೇವತೆಗಳ ಪೀಠವಾಗಿ ಅದು ಬರುತ್ತದೆ, ಅಂತ್ಯಕ್ರಿಯೆಯ ನೆನಪನ್ನೂ ತರುತ್ತದೆ.

ಋತುವಿನ ಔಚಿತ್ಯವೂ ಉಂಟು. ವಸಂತದ ಚೆರ್ರಿಯನ್ನೂ ಶರತ್ಕಾಲದ ಮೇಪಲ್ ಎಲೆಯನ್ನೂ ಒಂದೇ ಬೆನ್ನಿನ ಮೇಲೆ ತರುವುದನ್ನು ಸಾಂಪ್ರದಾಯಿಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. (ಪಿಂಗಾಣಿ ಪಾತ್ರೆಗಳ ಮೇಲೆ ಇವೆರಡನ್ನೂ ಬೇಕೆಂದೇ ಕೂಡಿಸುವ ಸಂಪ್ರದಾಯವಿದೆ; ಪಾತ್ರೆಗೆ ಸಲ್ಲುವುದು ಮೈಗೆ ಸಲ್ಲದು.) ಹಚ್ಚೆಯು ಎದೆ ತೋಳುಗಳಲ್ಲಿ ಮುಗಿಯುವ ಅಂಚಿಗೂ ಪ್ರತ್ಯೇಕ ಹೆಸರುಗಳಿವೆ, ಪಿಯೊನಿ ದಳದಂತೆ ಗುಂಡಾಗಿ ಮುಗಿಯುವ ಅಂಚನ್ನು ‘ಬೊತಾನ್ ಮಿಕಿರಿ’ ಎನ್ನುತ್ತಾರೆ. ಇಲ್ಲಿ ಹೂವು ಸಂಕೇತವೇ ಅಲ್ಲ, ಕೇವಲ ರೇಖೆಯ ಒಂದು ಬಗೆ.

ಚೆರ್ರಿಯ (‘ಸಕುರಾ’) ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಎದೊ ನಗರದ ಉತ್ತರ ವಿಭಾಗದ ನ್ಯಾಯಾಧಿಕಾರಿಯಾಗಿ 1840ರಲ್ಲಿ ನೇಮಕಗೊಂಡ ತೋಯಾಮಾ ಕಾಗೆಮೊತೊ (1793–1855) ತನ್ನ ಭುಜದ ಚೆರ್ರಿ ಹಚ್ಚೆಯನ್ನು ನ್ಯಾಯಪೀಠದಲ್ಲಿ ಬಿಚ್ಚಿ ತೋರಿಸಿ ಕಳ್ಳರನ್ನು ಬೆಚ್ಚಿಬೀಳಿಸುವ ದೃಶ್ಯ ಜಪಾನಿನಲ್ಲಿ ಮನೆಮಾತು. ಆತನಿಗೆ ಯೌವನದಲ್ಲಿ ಹಾಕಿಸಿಕೊಂಡ ಹಚ್ಚೆಯಿತ್ತೆಂಬುದು ವದಂತಿ. ಅದು ಪತ್ರವನ್ನು ಬಾಯಲ್ಲಿ ಕಚ್ಚಿದ ಹೆಣ್ಣಿನ ರುಂಡವಾಗಿತ್ತೆಂಬ ಮತವೂ ಇದೆ. ಹಾಗಿದ್ದರೆ ಚೆರ್ರಿ ಎಲ್ಲಿಂದ ಬಂತು? 1862ರಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದ ಮೊಕುಆಮಿಯ ಕಬುಕಿ ನಾಟಕದಲ್ಲಿ ಕುಲೀನ ಕನ್ಯೆಯ ವೇಷದಲ್ಲಿದ್ದ ಕಳ್ಳ ಬೆಂತೆನ್ ಕೊಜೋ ಸಿಕ್ಕಿಬಿದ್ದಾಗ ಭುಜವನ್ನು ಹೊರಚಾಚಿ ಚೆರ್ರಿಯ ಹಚ್ಚೆಯನ್ನು ಪ್ರದರ್ಶಿಸುತ್ತಾನೆ. 1893ರಲ್ಲಿ ತೋಯಾಮನನ್ನು ಕುರಿತ ಕಬುಕಿ ನಾಟಕದ ಶೀರ್ಷಿಕೆಯಲ್ಲಿಯೇ ಚೆರ್ರಿ ಕಾಣಿಸಿಕೊಂಡಿತು. ಅಷ್ಟು ಹೊತ್ತಿಗೆ ಆತ ಸತ್ತು ಮೂವತ್ತೆಂಟು ವರ್ಷಗಳಾಗಿದ್ದವು. ರಂಗದ ಮೇಲಿನ ಕಳ್ಳನ ಹೂವು ನ್ಯಾಯಾಧಿಕಾರಿಯ ಭುಜಕ್ಕೆ ದಾಟಿತೆಂದು ಊಹಿಸುವುದು ಅಸಂಗತವಾಗದು. ಮುಂದೆ ಜನಪ್ರಿಯ ಕಾದಂಬರಿ, ಸಿನಿಮಾ ಮತ್ತು ದೂರದರ್ಶನಗಳು ಅದನ್ನೇ ಸ್ಥಿರಗೊಳಿಸಿದವು. ಈ ಎರಡು ಸಂದರ್ಭಗಳಲ್ಲಿಯೂ ಚೆರ್ರಿಯು ಕ್ಷಣಿಕತೆಯನ್ನು ಸೂಚಿಸುವುದಿಲ್ಲ. ವೇಷದ ಹಿಂದಿನ ನಿಜವ್ಯಕ್ತಿಯನ್ನು ಬಯಲುಮಾಡುತ್ತದೆ. ಅದನ್ನು ಯೋಧನ ಮರಣದೊಡನೆ ಬಿಗಿದುದು ಬಹುಮಟ್ಟಿಗೆ ಆಧುನಿಕ ರಾಷ್ಟ್ರಪ್ರಭುತ್ವದ ಕೆಲಸ. 1945ರ ಆತ್ಮಾಹುತಿ ವಿಮಾನವೊಂದಕ್ಕೆ ‘ಓಕಾ’, ಎಂದರೆ ಚೆರ್ರಿ ಹೂವು, ಎಂದು ಹೆಸರಿಟ್ಟದ್ದನ್ನು ನೆನೆಯಬಹುದು. ಆ ಅರ್ಥವನ್ನು ಹಿಂದಕ್ಕೆ ಒಯ್ದು ಎದೊದ ಬೆಂಕಿ ಪಡೆಯವನ ಬೆನ್ನಿಗೆ ಆರೋಪಿಸುವುದು ಕಾಲವಿಪರ್ಯಾಸ.

ಪ್ರಭುತ್ವವು ಹಚ್ಚೆಯನ್ನು 1811 ಮತ್ತು 1842ರಲ್ಲಿ ನಿಷೇಧಿಸಿತು, ಪರಿಣಾಮ ಅಲ್ಪ. ಪಾಶ್ಚಾತ್ಯರ ಕಣ್ಣಿಗೆ ಅನಾಗರಿಕವಾಗಿ ತೋರೀತೆಂಬ ಅಳುಕಿನಿಂದ 1872ರಲ್ಲಿ ಮೇಜಿ ಸರಕಾರ ತಂದ ನಿಷೇಧವು ಹೆಚ್ಚು ಕಠಿಣವಾದುದು. ವಿಪರ್ಯಾಸವೆಂದರೆ ಮುಂದೆ ಐದನೆಯ ಜಾರ್ಜ್ ಆದ ಬ್ರಿಟಿಷ್ ರಾಜಕುಮಾರ 1881ರಲ್ಲಿ ಜಪಾನಿಗೆ ಬಂದು ತೋಳಿನ ಮೇಲೆ ಘಟಸರ್ಪವನ್ನು ಹಾಕಿಸಿಕೊಂಡುಹೋದನು. ನಿಷೇಧ ತೆರವಾದುದು 1948ರಲ್ಲಿ. ಅಷ್ಟರಲ್ಲಿ ಕಲೆ ಗುಪ್ತವಾಗಿತ್ತು. 1965ರಿಂದ 1972ರವರೆಗೆ ಬಂದ ಒಂಬತ್ತು ಚಲನಚಿತ್ರಗಳ ಮಾಲೆಯಲ್ಲಿ ತಕಾಕುರಾ ಕೆನ್ ಬೆನ್ನಿನ ಸಿಂಹ ಮತ್ತು ಪಿಯೊನಿಗಳನ್ನು ತೋರಿಸಿದ ಮೇಲೆ ಆ ಜೋಡಿಯು ಭೂಗತಲೋಕದ ಗುರುತಾಗಿ ಜನಮನದಲ್ಲಿ ನೆಲೆಯೂರಿತು. ಮಂಜುಶ್ರೀಯ ಪರ್ವತ ಮರೆಗೆ ಸರಿಯಿತು. ಹಚ್ಚೆ ಹಾಕುವುದು ವೈದ್ಯಕೀಯ ವೃತ್ತಿಯಲ್ಲ, ಅದಕ್ಕೆ ವೈದ್ಯನ ಪರವಾನಗಿ ಬೇಕಿಲ್ಲ ಎಂದು ಜಪಾನಿನ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ್ದು 2020ರ ಸೆಪ್ಟೆಂಬರ್‌ನಲ್ಲಿ.

ನಿಷೇಧದ ಕಾಲದಲ್ಲಿ ಈ ಕಲೆಯನ್ನು ದಾಖಲಿಸಿದವರಲ್ಲಿ ರೋಗಶಾಸ್ತ್ರಜ್ಞ ಫುಕುಶಿ ಮಸಾಯಿಚಿ (1878–1956) ಮುಖ್ಯರು. ಅವರು ಹಚ್ಚೆಯುಳ್ಳವರ ಒಪ್ಪಿಗೆ ಪಡೆದು, ಮರಣಾನಂತರ ಅವರ ಚರ್ಮವನ್ನು ಸಂರಕ್ಷಿಸಿದರು. ಹಣವಿಲ್ಲದೆ ಅರ್ಧಕ್ಕೆ ನಿಂತ ಹಚ್ಚೆಗಳನ್ನು ಪೂರ್ಣಗೊಳಿಸಲು ಕೆಲವರಿಗೆ ನೆರವನ್ನೂ ಕೊಟ್ಟರು. ಅವರು ತೆಗೆದಿದ್ದ ಛಾಯಾಚಿತ್ರಗಳ ಬಹುಭಾಗ ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ನಾಶವಾಯಿತು. ಉಳಿದ ಚರ್ಮಗಳು ತೋಕಿಯೊ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಸಾರ್ವಜನಿಕ ವೀಕ್ಷಣೆಗೆ ಅವು ಸಾಮಾನ್ಯವಾಗಿ ತೆರೆದಿರುವುದಿಲ್ಲ.