ಹರಕೆ, ಮನೆ ಮತ್ತು ಕೀಮೊ: ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಎಳೆಯ ತಾಯಂದಿರ ಧಾರ್ಮಿಕ ಆಚರಣೆ ಮತ್ತು ಕುಟುಂಬ ಜೀವನ

1. ಹಿನ್ನೆಲೆ

ಚಿಕ್ಕ ಮಕ್ಕಳಿರುವ ತಾಯಿಗೆ ಕ್ಯಾನ್ಸರ್ ಚಿಕಿತ್ಸೆ ಆರಂಭವಾದರೆ ಅಡುಗೆ, ಶಾಲೆ, ದುಡಿಮೆ, ಪೂಜೆ, ಹಬ್ಬ ಎಲ್ಲವೂ ಆಸ್ಪತ್ರೆಯ ದಿನಾಂಕಗಳಿಗೆ ಹೊಂದಿಕೊಳ್ಳಬೇಕಾಗುತ್ತದೆ. ಕರ್ನಾಟಕದ ಕುಟುಂಬಗಳಲ್ಲಿ ಈ ಹೊಂದಾಣಿಕೆ ಬಹುಮಟ್ಟಿಗೆ ಧಾರ್ಮಿಕ ಆಚರಣೆಗಳ ಮೂಲಕವೇ ನಡೆಯುತ್ತದೆ. ಆಚರಣೆ ಚಿಕಿತ್ಸೆಗೆ ಅಡ್ಡ ಬರುವ ಸಂದರ್ಭಗಳಿವೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಅಡ್ಡಿಯನ್ನು ನಿವಾರಿಸುವ ವಿನಾಯಿತಿ ಆಯಾ ಸಂಪ್ರದಾಯದ ಒಳಗೇ ದೊರೆಯುತ್ತದೆ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ. ಸ್ತನ ಕ್ಯಾನ್ಸರನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಿಂದ ಬೆಂಗಳೂರಿನ ರೋಗಿಗಳ ಅಂಕಿಅಂಶ ದಾಖಲಾಗುತ್ತಿದೆ. ನಗರದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರ್. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಈ ರೋಗ ಪತ್ತೆಯಾಗುವ ಸರಾಸರಿ ವಯಸ್ಸು ಸುಮಾರು ಹತ್ತು ವರ್ಷ ಕಡಿಮೆ. ಹೀಗಾಗಿ ಮಕ್ಕಳಿನ್ನೂ ಶಾಲೆ ಮುಗಿಸದ, ಕೆಲವೊಮ್ಮೆ ಎದೆಹಾಲು ಬಿಡದ ತಾಯಂದಿರೂ ರೋಗಿಗಳಲ್ಲಿ ಇರುತ್ತಾರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಭರಿಸುತ್ತದೆ. ಆದರೆ ಬಸ್ಸಿನ ಖರ್ಚು, ಬಾಡಿಗೆ ಕೋಣೆ, ಜೊತೆಗೆ ಬಂದ ಗಂಡನ ತಪ್ಪಿದ ಕೂಲಿ ಇವೆಲ್ಲ ಮನೆಯ ಮೇಲೆಯೇ ಬೀಳುತ್ತವೆ.

2. ಚಿಕಿತ್ಸೆಯ ಸುತ್ತುಗಳು ಮತ್ತು ಮನೆಯ ದಿನಚರಿ

ಬಳಕೆಯಲ್ಲಿರುವ ಒಂದು ಕೀಮೊ ಕ್ರಮದಲ್ಲಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಔಷಧಿಗಳನ್ನು 21 ದಿನಗಳಿಗೊಮ್ಮೆ ನಾಲ್ಕು ಬಾರಿ ಕೊಟ್ಟು, ನಂತರ ಪ್ಯಾಕ್ಲಿಟಾಕ್ಸೆಲ್ ಅನ್ನು ವಾರಕ್ಕೊಮ್ಮೆಯಂತೆ 12 ಬಾರಿ ಕೊಡುತ್ತಾರೆ. ಶಸ್ತ್ರಚಿಕಿತ್ಸೆ ಇದಕ್ಕೆ ಮೊದಲು ಅಥವಾ ನಂತರ ನಡೆಯುತ್ತದೆ. ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ ಅಗತ್ಯವಾದರೆ ಮೂರರಿಂದ ಐದು ವಾರ ಬೇಕು. ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯಾದರೆ ಆಮೇಲೆ 5ರಿಂದ 10 ವರ್ಷ ಮಾತ್ರೆ ನುಂಗಬೇಕು.

ಮೂರು ವಾರದ ಪ್ರತಿ ಸುತ್ತಿಗೂ ತನ್ನದೇ ಲಯವಿದೆ. ಮೊದಲ ಕೆಲವು ದಿನ ವಾಕರಿಕೆ, ಸುಸ್ತು; ಒಗ್ಗರಣೆಯ ವಾಸನೆಯೂ ಸಹಿಸಲಾಗದು. ಸುಮಾರು 7ರಿಂದ 14ನೆಯ ದಿನದವರೆಗೆ ಬಿಳಿ ರಕ್ತಕಣ ಕುಸಿದು ಸೋಂಕಿನ ಅಪಾಯ ಹೆಚ್ಚುತ್ತದೆ. ಆಗ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂರನೆಯ ವಾರ ತಾಯಿ ಚೇತರಿಸಿಕೊಳ್ಳುತ್ತಾಳೆ. ಮಗುವಿನ ತಲೆ ಬಾಚುವುದು, ಹೋಂವರ್ಕ್ ಮಾಡಿಸುವುದು, ದೇವರ ಮುಂದೆ ದೀಪ ಹಚ್ಚುವುದು ಮತ್ತೆ ಅವಳ ಪಾಲಿಗೆ ಬರುವುದು ಆಗಲೇ. ಹಬ್ಬವನ್ನೂ ನೆಂಟರ ಭೇಟಿಯನ್ನೂ ಈ ವಾರಕ್ಕೆ ಹೊಂದಿಸಿಕೊಳ್ಳುವುದನ್ನು ಮನೆಯವರು ಎರಡನೆಯ ಸುತ್ತಿನ ಹೊತ್ತಿಗೆ ಕಲಿತಿರುತ್ತಾರೆ.

ಹಾಸಿಗೆ ಹಿಡಿದ ಎಳೆಯ ತಾಯಿಯನ್ನು ನೋಡಿಕೊಳ್ಳಲು ಕುಟುಂಬಕ್ಕೆ ಗೊತ್ತಿರುವ ಸಿದ್ಧ ಮಾದರಿ ಬಾಣಂತನ. ಹಲವರು ಕೀಮೊ ಮುಗಿಯುವವರೆಗೆ ತವರುಮನೆಯಲ್ಲಿ ಇರುತ್ತಾರೆ. ತಾಯಿಯ ಆರೈಕೆ, ಬಿಸಿನೀರು, ವಿಶ್ರಾಂತಿ ಇವು ಈ ಮಾದರಿಯ ಒಳ್ಳೆಯ ಅಂಶಗಳು. ಬಾಣಂತಿಯ ಪಥ್ಯ ಮಾತ್ರ ಇಲ್ಲಿಗೆ ಒಗ್ಗುವುದಿಲ್ಲ. ಕೀಮೊ ಪಡೆಯುತ್ತಿರುವವರಿಗೆ ಬೇಳೆ, ಮೊಟ್ಟೆ, ಹಾಲಿನಂಥ ಪ್ರೋಟೀನು ಮತ್ತು ಸಾಕಷ್ಟು ನೀರು ಬೇಕು. ನೀರು ಕಡಿಮೆ ಕುಡಿಸುವ, ತಿನಿಸುಗಳನ್ನು ದೂರವಿಡುವ ಹಳೆಯ ಕಟ್ಟಳೆ ಹಾನಿ ಮಾಡಬಹುದು. ಬಾಣಂತನದಲ್ಲಿ ಮಗು ಮಗ್ಗುಲಲ್ಲೇ ಇರುತ್ತದೆ. ಆದರೆ ಕೀಮೊ ಪಡೆಯುವ ತಾಯಿ ಎದೆಹಾಲು ನಿಲ್ಲಿಸಬೇಕಾಗುತ್ತದೆ. ಶಾಲೆಗೆ ಹೋಗುವ ಮಗು ತಂದೆಯ ಊರಿನಲ್ಲೇ ಉಳಿಯುತ್ತದೆ. ತಾಯ್ತನದ ಈ ಕೊರತೆಯನ್ನು ಹಲವರು ರೋಗಕ್ಕಿಂತ ದೊಡ್ಡ ನೋವೆಂದು ಭಾವಿಸುತ್ತಾರೆ.

3. ಹರಕೆಯ ಕಾಲರಚನೆ

ರೋಗ ಖಚಿತವಾದ ದಿನವೇ ಅನೇಕ ಮನೆಗಳಲ್ಲಿ ಹಿರಿಯರೊಬ್ಬರು ಅರಿಶಿನದ ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ನಾಣ್ಯವಿಟ್ಟು ಗಂಟು ಹಾಕಿ ಮನೆದೇವರ ಮುಂದೆ ಇಡುತ್ತಾರೆ. ಇದು ಮುಡಿಪು. ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ, ತಿರುಪತಿ, ಸವದತ್ತಿ ಹೀಗೆ ಕ್ಷೇತ್ರ ಯಾವುದೇ ಇರಲಿ, ಮಾತಿನ ಸ್ವರೂಪ ಒಂದೇ: ಗುಣವಾದರೆ ಬಂದು ಸೇವೆ ಸಲ್ಲಿಸುತ್ತೇವೆ. ಮಾತು ಕೊಡುವುದು ಇಂದು, ಸಲ್ಲಿಸುವುದು ಮುಂದೆ. ನಡುವಿನ ಅವಧಿಯಲ್ಲಿ ಪ್ರಯಾಣವಾಗಲಿ ಖರ್ಚಾಗಲಿ ದೇಹದಂಡನೆಯಾಗಲಿ ಇಲ್ಲ. ಹಾಗಾಗಿ ಹರಕೆಯ ರಚನೆಯೇ ಚಿಕಿತ್ಸೆಗೆ ಜಾಗ ಮಾಡಿಕೊಡುತ್ತದೆ. ತುಲಾಭಾರವಾಗಲಿ ಉರುಳುಸೇವೆಯಾಗಲಿ ಕೀಮೊ ಮುಗಿಯುವವರೆಗೆ ಕಾಯಬಹುದು.

ತೊಂದರೆ ಬರುವುದು ಪರಿಹಾರವನ್ನು ಮೊದಲೇ ಮಾಡಬೇಕೆಂದು ಹೇಳಿದಾಗ. ದೋಷ ಕಳೆಯುವವರೆಗೆ ಶಸ್ತ್ರಚಿಕಿತ್ಸೆ ಬೇಡ, ಮುಹೂರ್ತ ಕೂಡಿಬರಲಿ, ಮೊದಲು ನಾಟಿ ಔಷಧಿ ನೋಡೋಣ ಎಂಬ ಮಾತುಗಳಿಂದ ಸಣ್ಣ ಗಡ್ಡೆ ಕಂಕುಳಿನ ದುಗ್ಧಗ್ರಂಥಿಗೆ ಹರಡುವಷ್ಟು ಕಾಲ ಕಳೆದುಹೋಗಬಹುದು. ಕೀಮೊ ಜೊತೆಗೆ ಗುಟ್ಟಾಗಿ ಕುಡಿದ ಕಷಾಯ ಯಕೃತ್ತಿಗೆ ಹಾನಿ ಮಾಡಿ ಔಷಧಿ ನಿಲ್ಲಿಸುವ ಸ್ಥಿತಿಯನ್ನೂ ತರಬಹುದು.

4. ಕೂದಲು, ತಾಳಿ, ಬಳೆ

ಡಾಕ್ಸೊರುಬಿಸಿನ್ ಕೊಟ್ಟ ಎರಡು ಮೂರು ವಾರಗಳಲ್ಲಿ ಕೂದಲು ಉದುರುತ್ತದೆ. ದಿಂಬಿನ ಮೇಲೆ, ಬಚ್ಚಲಿನಲ್ಲಿ ಗಂಟುಗಂಟಾಗಿ ಬರುವ ಕೂದಲನ್ನು ನೋಡುವ ಬದಲು ಕೆಲವರು ಮೊದಲೇ ತಲೆ ಬೋಳಿಸಿಕೊಳ್ಳುತ್ತಾರೆ. ಅದನ್ನೇ ಮುಡಿ ಕೊಟ್ಟಂತೆ ದೇವರಿಗೆ ಒಪ್ಪಿಸುವವರೂ ಇದ್ದಾರೆ. ರೋಗದಿಂದ ಕಳೆದುಹೋಗುವುದನ್ನು ತಾನಾಗಿ ಕೊಟ್ಟದ್ದೆಂದು ಮಾಡಿಕೊಳ್ಳುವುದರಿಂದ ಒಂದು ಬಗೆಯ ಹಿಡಿತ ಮರಳಿ ಸಿಗುತ್ತದೆ. ಇದಕ್ಕೆ ಸಾಮಾಜಿಕ ಪ್ರಯೋಜನವೂ ಇದೆ. ಬೋಳುತಲೆ ಕಂಡ ನೆರೆಯವರು ಹರಕೆ ತೀರಿಸಿ ಬಂದಿದ್ದಾಳೆ ಎಂದುಕೊಳ್ಳುತ್ತಾರೆ. ಕಾಯಿಲೆಯ ವಿಷಯ ಯಾರಿಗೆ ಹೇಳಬೇಕೆಂಬ ತೀರ್ಮಾನ ಅವಳ ಕೈಯಲ್ಲೇ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಗೂ ಎಂಆರ್‌ಐಗೂ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ತಾಳಿ ಬಿಚ್ಚುವುದು ಗಂಡನಿಗೆ ಅಶುಭ ಎಂಬ ಅಂಜಿಕೆ ಆ ಹೊತ್ತಿನಲ್ಲಿ ಅರಿವಳಿಕೆಯ ಭಯಕ್ಕಿಂತ ಹೆಚ್ಚಾಗಿರುವುದುಂಟು. ಅತ್ತೆಯೋ ತಾಯಿಯೋ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿ, ತಾಳಿಯನ್ನು ತಮ್ಮ ಸೆರಗಿನಲ್ಲಿ ಗಂಟು ಹಾಕಿಕೊಳ್ಳುವುದು ಇದಕ್ಕೆ ಮನೆಯವರೇ ಕಂಡುಕೊಂಡ ದಾರಿ. ಕಂಕುಳಿನ ದುಗ್ಧಗ್ರಂಥಿ ತೆಗೆದ ಬದಿಯ ತೋಳು ಊದಿಕೊಳ್ಳುವ ಸಂಭವವಿರುವುದರಿಂದ ಆ ಕೈಗೆ ಬಿಗಿಯಾದ ಬಳೆ ಬೇಡವೆಂದು ಹೇಳಲಾಗುತ್ತದೆ. ಬರಿಗೈಯಲ್ಲಿ ಗೌರಿಯ ಬಾಗಿನ ಹಿಡಿಯಲು ಹಿಂಜರಿಯುವವರಿಗೆ ಸಡಿಲವಾದ ಒಂದೆರಡು ಬಳೆ ಸಾಕಾಗುತ್ತದೆ.

5. ಉಪವಾಸ, ತೀರ್ಥ, ಸಂಸ್ಕಾರ

ಉಪವಾಸದ ವಿಷಯದಲ್ಲಿ ಹಲವು ಸಂಪ್ರದಾಯಗಳು ರೋಗಿಯನ್ನು ಬೇರೆಯಾಗಿ ನೋಡುತ್ತವೆ. ಧರ್ಮಶಾಸ್ತ್ರದ ಪರಂಪರೆ ಅಶಕ್ತರಿಗೆ ವಿನಾಯಿತಿ ಕೊಡುತ್ತದೆ. ಅವರ ಪರವಾಗಿ ಗಂಡನೋ ಮಗನೋ ವ್ರತ ನಡೆಸಲು ಅವಕಾಶವಿದೆ. ಕುರಾನಿನ ಅಲ್‌ ಬಕರ ಅಧ್ಯಾಯದ ಪ್ರಕಾರ ರೋಗಿ ರಂಜಾನಿನ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಬಹುದು. ಗುಣವಾಗದ ಕಾಯಿಲೆಯವರು ಬದಲಿಗೆ ಬಡವರಿಗೆ ಊಟ ಕೊಡುವ ಪದ್ಧತಿಯಿದೆ. ಸಂಸ್ಕಾರದ ನಿಯಮವೂ ಹೀಗೆ ಸಡಿಲವಾದದ್ದುಂಟು. ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಕ್ಯಾಥೊಲಿಕ್ ಸಂಸ್ಕಾರ ಬಹುಕಾಲ ಸಾವಿನಂಚಿನವರಿಗೆ ಮೀಸಲೆಂಬಂತೆ ಇತ್ತು. 1972ರ ಸುಧಾರಣೆಯ ನಂತರ ತೀವ್ರ ಕಾಯಿಲೆಯವರು ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲೂ ಅದನ್ನು ಪಡೆಯುತ್ತಾರೆ. ಪಾದ್ರಿ ವಾರ್ಡಿಗೆ ಬಂದರೆಂದು ಮನೆಯವರು ಗಾಬರಿಯಾಗುವುದಕ್ಕೆ ಹಳೆಯ ರೂಢಿಯ ನೆನಪೇ ಕಾರಣ.

ರಕ್ತಕಣ ಕುಸಿದ ವಾರದಲ್ಲಿ ಜಾತ್ರೆಯ ನೂಕುನುಗ್ಗಲು, ಕಾಯಿಸದ ನೀರಿನ ತೀರ್ಥ, ಹಸಿ ಹಾಲಿನ ಪಂಚಾಮೃತ ಇವುಗಳಿಂದ ಸೋಂಕು ತಗಲಬಹುದು. ತೀರ್ಥವನ್ನು ಕಣ್ಣಿಗೆ ಒತ್ತಿಕೊಂಡು, ಕುಡಿಯುವುದನ್ನು ಮುಂದೂಡಿದರೆ ಭಕ್ತಿಗೂ ಕೊರತೆಯಿಲ್ಲ, ದೇಹಕ್ಕೂ ಅಪಾಯವಿಲ್ಲ.

6. ನಂಬಿಕೆಯ ಎರಡು ಬಗೆ

ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಕಷ್ಟಕಾಲದ ಧಾರ್ಮಿಕ ನಿಲುವುಗಳನ್ನು ಎರಡಾಗಿ ವಿಂಗಡಿಸಿದರು. ದೇವರು ಜೊತೆಗಿದ್ದಾನೆಂಬ ಭಾವ ಒಂದು. ದೇವರು ಶಿಕ್ಷಿಸುತ್ತಿದ್ದಾನೆ ಅಥವಾ ಕೈಬಿಟ್ಟಿದ್ದಾನೆಂಬ ಭಾವ ಇನ್ನೊಂದು. ಎರಡನೆಯದು ಖಿನ್ನತೆ ಮತ್ತು ಆತಂಕದ ಜೊತೆ ಕಾಣಿಸಿಕೊಳ್ಳುತ್ತದೆ. ಕರ್ನಾಟಕದ ಸಂದರ್ಭದಲ್ಲಿ ಅದು ಹಿಂದಿನ ಜನ್ಮದ ಪಾಪ, ತೀರಿಸದ ಹರಕೆ, ಮನೆದೇವರ ಮುನಿಸು ಎಂಬ ಮಾತುಗಳಲ್ಲಿ ಕೇಳಿಸುತ್ತದೆ. ಸೊಸೆಯ ಕಾಲ್ಗುಣದ ಮಾತು ಇದಕ್ಕೆ ಸೇರಿದರೆ ರೋಗಿಯೇ ಅಪರಾಧಿಯಾಗುತ್ತಾಳೆ. ವೈದ್ಯಕೀಯವಾಗಿ ನೋಡಿದರೆ ಸ್ತನ ಕ್ಯಾನ್ಸರುಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ ಅನುವಂಶೀಯ ಜೀನ್ ದೋಷದಿಂದ ಬರುತ್ತವೆ. ಅಂಥ ದೋಷ ಪತ್ತೆಯಾದ ತಾಯಿ ಮಗಳಿಗೂ ಅದನ್ನು ದಾಟಿಸಿದೆನೇ ಎಂದು ಕೊರಗುವಾಗ ಪಾಪಪ್ರಜ್ಞೆ ಹೊಸ ರೂಪ ಪಡೆಯುತ್ತದೆ.

ಬೇರೆಯವರ ಪ್ರಾರ್ಥನೆ ರೋಗಿಯ ದೇಹದ ಮೇಲೆ ಪರಿಣಾಮ ಬೀರುತ್ತದೆಯೇ ಎಂದು ಪರೀಕ್ಷಿಸಿದ ದೊಡ್ಡ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ 1802 ಜನರ ಮೇಲೆ ನಡೆದ ಆ ಅಧ್ಯಯನದಲ್ಲಿ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ನಂಬಿಕೆಯ ಉಪಯೋಗವನ್ನು ರೋಗಿಯ ಮನಸ್ಸಿನಲ್ಲಿ, ಮನೆಯವರ ಒಗ್ಗಟ್ಟಿನಲ್ಲಿ, ಚಿಕಿತ್ಸೆ ಪೂರ್ಣಗೊಳಿಸುವ ಛಲದಲ್ಲಿ ಹುಡುಕುವುದು ಹೆಚ್ಚು ಸರಿಯಾದ ಮಾರ್ಗ.

7. ಮಕ್ಕಳು

ದೊಡ್ಡವರು ವಿಷಯ ಮುಚ್ಚಿಟ್ಟಾಗ ಮಗು ತಾನೇ ಕಾರಣ ಕಲ್ಪಿಸಿಕೊಳ್ಳುತ್ತದೆ. ತನ್ನ ತುಂಟತನದಿಂದಲೇ ಅಮ್ಮನಿಗೆ ಕಾಯಿಲೆ ಬಂತೆಂದು ನಂಬುವುದು ಆರೇಳು ವರ್ಷದವರಲ್ಲಿ ಅಪರೂಪವೇನಲ್ಲ. ಕಾಯಿಲೆಯ ಹೆಸರು, ಅದು ಅಂಟುವುದಿಲ್ಲ ಎಂಬ ಮಾತು, ಮದ್ದಿನಿಂದ ಕೂದಲು ಉದುರಿ ಮತ್ತೆ ಬರುತ್ತದೆ ಎಂಬ ವಿವರ ಇಷ್ಟನ್ನು ಸರಳವಾಗಿ ಹೇಳಿದರೂ ಮಗುವಿನ ಹೆದರಿಕೆ ತಗ್ಗುತ್ತದೆ. ಹೊರಗಿನಿಂದ ಕರೆಂಟು ಕೊಟ್ಟರೆ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ. ತಾಯಿ ಅದೇ ಸಂಜೆ ಮಗುವನ್ನು ಅಪ್ಪಿಕೊಳ್ಳಬಹುದು. ಪೆಟ್ ಸ್ಕ್ಯಾನ್ ಆದ ದಿನ ಮಾತ್ರ ಕೆಲವು ಗಂಟೆ ಎಳೆಯ ಮಕ್ಕಳನ್ನು ಎತ್ತಿಕೊಳ್ಳಬಾರದು. ಈ ವ್ಯತ್ಯಾಸ ತಿಳಿಯದ ಮನೆಗಳಲ್ಲಿ ಮಗುವನ್ನು ವಾರಗಟ್ಟಲೆ ದೂರವಿಡಲಾಗುತ್ತದೆ.

ಅಮ್ಮನಿಗಾಗಿ ಕೈಮುಗಿಯೆಂದು ಮಗುವಿಗೆ ಹೇಳುವುದು ಸಹಜ. ನೀನು ಬೇಡಿಕೊಂಡರೆ ಗುಣವಾಗುತ್ತದೆ ಎಂಬ ಭರವಸೆ ಕೊಟ್ಟರೆ ಮಾತ್ರ, ರೋಗ ಉಲ್ಬಣಿಸಿದಾಗ ಸೋಲಿನ ಹೊಣೆಯನ್ನು ಮಗುವೇ ಹೊರಬೇಕಾಗುತ್ತದೆ.

8. ಗುಣವಾಗದಿದ್ದಾಗ

ರೋಗ ಮರುಕಳಿಸಿ ಹರಡಿದರೆ ‘ಗುಣವಾದರೆ’ ಎಂಬ ಹರಕೆಯ ಷರತ್ತಿಗೆ ಅರ್ಥ ಉಳಿಯುವುದಿಲ್ಲ. ಪ್ರಾರ್ಥನೆ ಆಗ ನೋವಿಲ್ಲದ ರಾತ್ರಿಗಾಗಿ, ಮಕ್ಕಳ ಮುಂದಿನ ಬದುಕಿಗಾಗಿ ನಡೆಯುತ್ತದೆ. ಈ ಬದಲಾವಣೆ ಎಲ್ಲರಲ್ಲೂ ಆಗುವುದಿಲ್ಲ. ಮುಂದುವರಿದ ಕ್ಯಾನ್ಸರಿನ 345 ರೋಗಿಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ದೇವರಲ್ಲಿ ಹೆಚ್ಚು ಆಸರೆ ಕಂಡುಕೊಂಡವರೇ ಕೊನೆಯ ವಾರದಲ್ಲಿ ವೆಂಟಿಲೇಟರಿನಂಥ ತೀವ್ರ ಚಿಕಿತ್ಸೆಯನ್ನು ಹೆಚ್ಚಾಗಿ ಪಡೆದರು. ಬೆಂಗಳೂರಿನ ಕರುಣಾಶ್ರಯದಂಥ ಉಪಶಮನ ಕೇಂದ್ರಗಳಲ್ಲಿ ನೋವು ನಿವಾರಣೆ, ಆರೈಕೆ ಉಚಿತವಾಗಿ ದೊರೆಯುತ್ತವೆ. ಅಲ್ಲಿಗೆ ಕಳುಹಿಸುವುದನ್ನು ಕೈಬಿಟ್ಟಂತೆ ಎಂದು ಕುಟುಂಬ ತಿಳಿಯದಿರಬೇಕಾದರೆ ಆ ಬಗೆಗಿನ ಮಾತುಕತೆ ಬೇಗನೆ ಆರಂಭವಾಗಬೇಕು.

9. ಉಪಸಂಹಾರ

ಆಸ್ಪತ್ರೆಯ ಮೊದಲ ಸಂದರ್ಶನದಲ್ಲೇ ಹರಕೆ, ಉಪವಾಸ, ನಾಟಿ ಔಷಧಿ, ತಾಳಿ ಬಿಚ್ಚುವ ಅಂಜಿಕೆ, ಮಗುವನ್ನು ನೋಡಿಕೊಳ್ಳುತ್ತಿರುವವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿದರೆ ಚಿಕಿತ್ಸೆ ತಪ್ಪುವ ಸಂಭವ ಮೊದಲೇ ತಿಳಿಯುತ್ತದೆ. ಉತ್ತರಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದರೆ ರೋಗಿ ಮುಂದಿನ ಬಾರಿ ಹೇಳುವುದಿಲ್ಲ. ಆಯಾ ಸಂಪ್ರದಾಯ ಬಲ್ಲ ಹಿರಿಯರ, ಅರ್ಚಕರ, ಮೌಲ್ವಿಗಳ, ಪಾದ್ರಿಗಳ ಬಾಯಿಂದ ಬರುವ ವಿನಾಯಿತಿಯ ಮಾತಿಗೆ ವೈದ್ಯರ ನಿಷೇಧಕ್ಕಿಂತ ಹೆಚ್ಚು ಬಲವಿರುತ್ತದೆ. ವಿನಾಯಿತಿಯಿಂದ ಬಗೆಹರಿಯದೆ ಉಳಿಯುವುದು ರೋಗಿಯ ಮೇಲಿನ ದೋಷಾರೋಪ. ಅದನ್ನು ನಿವಾರಿಸಲು ಆಪ್ತಸಮಾಲೋಚನೆ ರೋಗಿಗೆ ಎಷ್ಟು ಅಗತ್ಯವೋ ಗಂಡ ಮತ್ತು ಅತ್ತೆಗೂ ಅಷ್ಟೇ ಅಗತ್ಯ.