ಅಸ್ತ್ರ: ಪ್ರಯೋಗಾಲಯದಿಂದ ಉಂಗ್ರಕ್ಕೆ, ಉಂಗ್ರದಿಂದ ವಿದ್ಯುತ್ ಯೋಜನೆಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿಕೊಂಡ ‘ಅಸ್ತ್ರ’, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನವನ್ನು ರೂಪಿಸಲೆಂದೇ ಕಟ್ಟಿದ ಘಟಕ. ಅದರ ಮುಂದಾಳು ಅಮೂಲ್ಯ ಕುಮಾರ್ ನಾರಾಯಣ ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೆಡ್ಡಿ ವಿದ್ಯುತ್ ರಸಾಯನ ವಿಜ್ಞಾನಿ. ಅದೇ ಕ್ಷೇತ್ರದ ವಿಜ್ಞಾನಿ ಬೊಕ್ರಿಸ್ ಅವರೊಡನೆ ಬರೆದು 1970ರಲ್ಲಿ ಪ್ರಕಟಿಸಿದ ಪಠ್ಯಗ್ರಂಥದಿಂದ ಆ ಕ್ಷೇತ್ರದಲ್ಲಿ ಹೆಸರಾಗಿದ್ದರು. ನೆಲೆನಿಂತ ಆ ಕ್ಷೇತ್ರವನ್ನು ಬಿಟ್ಟು ಸೌದೆ, ಸಗಣಿ, ಒಲೆಗಳ ಲೆಕ್ಕಕ್ಕೆ ಇಳಿದದ್ದು ಅಂದಿನ ವಿಜ್ಞಾನಲೋಕದಲ್ಲಿ ಸಣ್ಣ ನಿರ್ಧಾರವಾಗಿರಲಿಲ್ಲ.

ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರ ಬೆಂಬಲ ಈ ಕೆಲಸಕ್ಕೆ ಒದಗಿತು. ಮರುವರ್ಷವೇ, 1975ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸ್ಥಾಪನೆಯಾಯಿತು. ಅದರ ಕಚೇರಿಯೂ ಸಂಸ್ಥೆಯ ಆವರಣದಲ್ಲೇ ಇತ್ತು. ಸರ್ಕಾರದ ಇಲಾಖೆಗಳೂ ವಿಜ್ಞಾನಿಗಳೂ ಒಂದೇ ಮೇಜಿನ ಸುತ್ತ ಕೂರಲು ಇದರಿಂದ ದಾರಿಯಾಯಿತು.

ಅಸ್ತ್ರದ ವಿಸ್ತರಣಾ ಕೇಂದ್ರ ತೆರೆದದ್ದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅಲ್ಲಿ ಮೊದಲು ನಡೆದದ್ದು ಯಂತ್ರಗಳ ಪ್ರದರ್ಶನವಲ್ಲ, ಅಳತೆ. ಆಸುಪಾಸಿನ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಯಾವ ಕೆಲಸಕ್ಕೆ ಯಾವ ಶಕ್ತಿ ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕಲಾಯಿತು. ಉರಿದ ಸೌದೆ, ಸೀಮೆಎಣ್ಣೆಗಳ ಜೊತೆಗೆ ನೀರು ಹೊತ್ತ, ಸೌದೆ ಆಯ್ದ, ದನ ಮೇಯಿಸಿದ ಹೊತ್ತೂ ಲೆಕ್ಕಕ್ಕೆ ಬಂತು. ಈ ಹಳ್ಳಿಗಳಲ್ಲೊಂದಾದ ಪುರದಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಹತ್ತಿರಹತ್ತಿರ ಶೇ 90 ಭಾಗ ಸೌದೆಯದು. ವಿದ್ಯುತ್ತಿನ ಪಾಲು ಶೇ 1ರ ಆಸುಪಾಸು. ಮನುಷ್ಯರ ದುಡಿಮೆಯಲ್ಲಿ ಹೆಂಗಸರದೇ ಹೆಚ್ಚು ಪಾಲು, ಮಕ್ಕಳದೂ ಕಡಿಮೆಯಿರಲಿಲ್ಲ. ದೇಶದ ಶಕ್ತಿನೀತಿ ಎಂದರೆ ಕಲ್ಲಿದ್ದಲು, ತೈಲ, ವಿದ್ಯುತ್ತು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಈ ಅಂಕಿಗಳು ಮುಖ್ಯವಾದವು. ಅದುವರೆಗೆ ಯಾವ ಕಡತದಲ್ಲೂ ಕಾಣದಿದ್ದ ದುಡಿಮೆಗೆ ಅವು ಲೆಕ್ಕ ಕೊಟ್ಟವು. ಹಳ್ಳಿಯವರು ಆಯುತ್ತಿದ್ದದ್ದು ಬಹುಮಟ್ಟಿಗೆ ಪುಳ್ಳೆ, ರೆಂಬೆಗಳನ್ನು. ಹಾಗಾಗಿ ಒಲೆಯೇ ಕಾಡನ್ನು ನುಂಗುತ್ತಿದೆ ಎಂಬ ಸುಲಭ ಆರೋಪವೂ ಪ್ರಶ್ನೆಗೆ ಒಳಗಾಯಿತು.

ಈ ಅಳತೆಯ ಜೊತೆಜೊತೆಗೇ ಬೆಳೆದದ್ದು ಅಸ್ತ್ರ ಒಲೆ. ಮೂರು ಪಾತ್ರೆಗಳನ್ನು ಇಡಬಹುದಾದ ಮಣ್ಣಿನ ಒಲೆ ಅದು. ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಗಾಳಿ ಆಡುತ್ತದೆ. ಮೊದಲ ಪಾತ್ರೆಗೆ ತಾಗಿದ ಬಿಸಿ ಎರಡನೆಯದರ, ಮೂರನೆಯದರ ಅಡಿಯಲ್ಲಿ ಹಾದು ಕೊನೆಗೆ ಹೊಗೆಕೊಳವೆಯಿಂದ ಮಾಡಿನಾಚೆ ಹೋಗುತ್ತದೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತಿದ್ದರೆ, ಇದರಲ್ಲಿ ಅದರ ಹಲವು ಪಟ್ಟು ಸೇರುತ್ತಿತ್ತು. ಅಡುಗೆಮನೆಯ ಹೊಗೆ ಹೊರಹೋದದ್ದು ಅದಕ್ಕಿಂತ ದೊಡ್ಡ ಲಾಭ. ಆದರೆ ಪಾತ್ರೆ ಕಂಡಿಯಲ್ಲಿ ಬಿಗಿಯಾಗಿ ಕೂರಬೇಕು, ಒಳದಾರಿಯ ಅಳತೆ ತಪ್ಪಬಾರದು. ಕಟ್ಟುವವರ ಕೈ ಪಳಗಿರಬೇಕು. 1980ರ ದಶಕದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ಎಷ್ಟು ಒಲೆ ಕಟ್ಟಲಾಯಿತು ಎಂಬುದೇ ಗುರಿಯಾದಾಗ ಈ ಎಚ್ಚರ ಸಡಿಲವಾಯಿತು. ಪ್ರಯೋಗಾಲಯದಲ್ಲಿ ಸಿಕ್ಕ ಫಲ ಎಷ್ಟೋ ಅಡುಗೆಮನೆಗಳಲ್ಲಿ ಸಿಗಲಿಲ್ಲ. ಇದನ್ನು ಒಲೆಯ ಸೋಲು ಎನ್ನುವುದಕ್ಕಿಂತ ಆಡಳಿತದ ಅವಸರದ ಫಲ ಎನ್ನುವುದೇ ನ್ಯಾಯ.

ಕಟ್ಟಡದ ಕ್ಷೇತ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ಬಳಕೆಗೆ ತಂದರು. ಅದು ಇಂದಿಗೂ ರಾಜ್ಯದಲ್ಲಿ ಮನೆಗಳಿಗೆ ಗೋಡೆಯಾಗುತ್ತಿದೆ.

ವಿಜ್ಞಾನಿಗಳಿಗೆ ಹೆಚ್ಚಿನ ಪಾಠ ಸಿಕ್ಕಿದ್ದು ಪುರದಲ್ಲಿ. ಸಮುದಾಯದ ಗೋಬರ್ ಗ್ಯಾಸ್ ಸ್ಥಾವರವನ್ನು ಮೊದಲು ಅಡುಗೆಗೆಂದೇ ಯೋಚಿಸಲಾಗಿತ್ತು. ಊರಿನ ಸಗಣಿಯಿಂದ ಬರುವ ಅನಿಲ ಎಲ್ಲರ ಒಲೆಗೂ ಸಾಲುವಂತಿರಲಿಲ್ಲ. ಸೌದೆಯನ್ನು ದುಡ್ಡಿಲ್ಲದೆ ಆಯ್ದು ತರುತ್ತಿದ್ದ ಊರಿಗೆ ಅದು ಮೊದಲ ಅಗತ್ಯವೂ ಆಗಿರಲಿಲ್ಲ. ಬೇಕಾದದ್ದು ಕುಡಿಯುವ ನೀರು. 1987ರಲ್ಲಿ ವ್ಯವಸ್ಥೆಯನ್ನೇ ಬದಲಾಯಿಸಲಾಯಿತು: ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಊಡಿ ವಿದ್ಯುತ್ ತೆಗೆದು, ಕೊಳವೆಬಾವಿಯ ನೀರನ್ನು ನಲ್ಲಿಗೆ ಏರಿಸಿ, ಮನೆಗಳಿಗೆ ದೀಪ ಕೊಡಲಾಯಿತು. ಸಗಣಿ ತಂದುಕೊಟ್ಟ ಮನೆಗೆ ಗೊಬ್ಬರವಾದ ಬಗ್ಗಡ ಅದೇ ಲೆಕ್ಕದಲ್ಲಿ ಮರಳಿ ಸಿಗುತ್ತಿತ್ತು. ತಂದದ್ದಕ್ಕೆ ಸಣ್ಣ ಕೂಲಿಯೂ ಇತ್ತು. ನೋಡಿಕೊಳ್ಳುವ ಹೊಣೆ ಊರಿನವರದೇ. ಅಗತ್ಯವನ್ನು ತಜ್ಞರು ಊಹಿಸುವುದಕ್ಕೂ ಜನ ಹೇಳುವುದಕ್ಕೂ ಇರುವ ಅಂತರ ಇಷ್ಟು ನಿಚ್ಚಳವಾಗಿ ಕಂಡ ಸಂದರ್ಭಗಳು ವಿರಳ.

ಇದೇ ಪ್ರಶ್ನೆಯನ್ನು ರೆಡ್ಡಿ ಇಡೀ ರಾಜ್ಯದ ಮಟ್ಟಕ್ಕೆ ಒಯ್ದರು. ಎಷ್ಟು ವಿದ್ಯುತ್ ಉತ್ಪಾದಿಸಬೇಕು ಎಂದು ಕೇಳುವ ಮೊದಲು ಯಾರಿಗೆ, ಯಾವ ಕೆಲಸಕ್ಕೆ ಬೇಕು ಎಂದು ಕೇಳಬೇಕೆಂಬುದು ಅವರ ವಾದ. ಬ್ರೆಜಿಲ್, ಸ್ವೀಡನ್, ಅಮೆರಿಕದ ಮೂವರು ಸಹಲೇಖಕರೊಡನೆ 1988ರಲ್ಲಿ ಅವರು ಪ್ರಕಟಿಸಿದ ಗ್ರಂಥದ ತಿರುಳೂ ಇದೇ. ಕರ್ನಾಟಕದಲ್ಲಿ ಅಧಿಕೃತ ಸಮಿತಿಯೊಂದು 2000ದ ಹೊತ್ತಿಗೆ ಬೇಕಾಗುವ ವಿದ್ಯುತ್ತನ್ನು ಹಿಂದಿನ ಬೆಳವಣಿಗೆಯ ಗತಿಯ ಮೇಲೆ ಅಂದಾಜಿಸಿ, ಭಾರಿ ಬಂಡವಾಳ ಬೇಡುವ ಯೋಜನೆಗಳನ್ನು ಸೂಚಿಸಿತ್ತು. ರೆಡ್ಡಿ ಮತ್ತು ಸಹೋದ್ಯೋಗಿಗಳು 1991ರಲ್ಲಿ ಪರ್ಯಾಯ ಲೆಕ್ಕವನ್ನು ಮಂಡಿಸಿದರು. ಪ್ರತಿ ಮನೆಗೂ ಸಂಪರ್ಕ, ಮಿತಬಳಕೆಯ ದೀಪ, ದಕ್ಷ ಪಂಪ್‌ಸೆಟ್, ಸ್ನಾನದ ನೀರಿಗೆ ಸೌರಶಾಖ: ಇಷ್ಟನ್ನು ಸೇರಿಸಿಯೂ ಅವರ ಲೆಕ್ಕದಲ್ಲಿ ಬೇಕಾದದ್ದು ಅಧಿಕೃತ ಅಂದಾಜಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು. ಸರ್ಕಾರದ ಅಂಕಿಗಳನ್ನು ಟೀಕಿಸುವುದಕ್ಕೆ ನಿಲ್ಲದೆ, ಅದೇ ಬಗೆಯ ಅಂಕಿಗಳಲ್ಲಿ ಬೇರೊಂದು ದಾರಿಯನ್ನು ತೋರಿಸಿದ್ದೇ ಈ ಕೆಲಸದ ಬಲ. ಸರ್ಕಾರ ಅದನ್ನು ಒಟ್ಟಾಗಿ ಒಪ್ಪಿಕೊಳ್ಳಲಿಲ್ಲ. ಬಿಡಿಬಿಡಿಯಾಗಿ ಆ ಬಗೆಯ ಕ್ರಮಗಳು ಮುಂದೆ ಬಂದವು. ಹಲವು ಬಗೆಯ ಕಟ್ಟಡಗಳಿಗೆ ಸೌರ ನೀರುಕಾಯಿಸುವ ಸಾಧನವನ್ನು ಕರ್ನಾಟಕ 2007ರಲ್ಲಿ ಕಡ್ಡಾಯ ಮಾಡಿತು.

ರೆಡ್ಡಿ 2006ರಲ್ಲಿ ತೀರಿಕೊಂಡರು. ಅಸ್ತ್ರ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿದೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಲ್ಲೇ ಆರಂಭಿಸಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನಾ ಕಾರ್ಯಕ್ರಮವೂ ಮುಂದುವರಿದುಕೊಂಡು ಬಂದಿದೆ.