ಮುಟ್ಟು ನಿಂತ ಮೇಲಿನ ರಕ್ತಸ್ರಾವ: ಕಾರಣ ಹುಡುಕಿದ ದಾರಿಯ ಚರಿತ್ರೆ

ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಅದು ಬಟ್ಟೆಯ ಮೇಲೆ ಒಂದು ಕಲೆಯಷ್ಟೇ ಆಗಿದ್ದರೂ, ಕಾರಣ ಹುಡುಕಲೇಬೇಕು ಎಂಬುದು ಇಂದು ಸ್ತ್ರೀರೋಗ ತಜ್ಞರೆಲ್ಲ ಒಪ್ಪಿದ ಮಾತು. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 129 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದ, ಮುಟ್ಟು ನಿಂತ ಹೆಂಗಸರಲ್ಲಿ ಸುಮಾರು ಶೇ. 90ರಷ್ಟು ಮಂದಿಗೆ ಇಂಥ ರಕ್ತಸ್ರಾವವಾಗಿತ್ತು. ಆದರೆ ರಕ್ತಸ್ರಾವವಾದವರಲ್ಲಿ ಕ್ಯಾನ್ಸರ್ ಇದ್ದದ್ದು ಸುಮಾರು ಶೇ. 9 ಮಂದಿಗೆ ಮಾತ್ರ. ಉಳಿದವರಲ್ಲಿ ಬಹಳ ಜನಕ್ಕೆ ಈಸ್ಟ್ರೋಜನ್ ಇಳಿದು ಒಳಪದರವೂ ಯೋನಿಯ ಪದರವೂ ತೆಳುವಾಗಿರುವುದೇ ಕಾರಣ. ಕೆಲವರಿಗೆ ಪಾಲಿಪ್ ಎಂಬ ಚಿಕ್ಕ ಬೆಳವಣಿಗೆ, ಕೆಲವರಿಗೆ ಹಾರ್ಮೋನ್ ಅಥವಾ ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮಾತ್ರೆ. ಒಂಬತ್ತು ಜನರನ್ನು ಸುಮ್ಮನೆ ಹೆದರಿಸದೆ ಹತ್ತನೆಯವಳನ್ನು ಗುರುತಿಸುವುದು ಹೇಗೆ? ನೂರೈವತ್ತು ವರ್ಷಗಳಿಂದ ಈ ಪ್ರಶ್ನೆಗೆ ಬಂದ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವೈದ್ಯಲೋಕ ಪರೀಕ್ಷೆಗಳನ್ನು ಮೊದಲು ನಂಬಿತು. ಅವು ಎಷ್ಟನ್ನು ಕಾಣುತ್ತವೆ, ಎಷ್ಟನ್ನು ಬಿಡುತ್ತವೆ ಎಂದು ಅಳೆದದ್ದು ಆಮೇಲೆ, ಕೆಲವು ಸಲ ಬಹಳ ತಡವಾಗಿ.

ಗರ್ಭಕೋಶದ ಒಳಗೋಡೆಯನ್ನು ಕೆರೆದು ತೆಗೆಯುವ ಕ್ಯೂರೆಟ್ ಎಂಬ ಉಪಕರಣವನ್ನು ಪ್ಯಾರಿಸ್ಸಿನ ಜೋಸೆಫ್ ರೆಕಾಮಿಯೆ ಬಳಕೆಗೆ ತಂದದ್ದು 1840ರ ದಶಕದಲ್ಲಿ. ಆಗ ಅದು ಚಿಕಿತ್ಸೆಯಾಗಿತ್ತು, ಪರೀಕ್ಷೆಯಾಗಿರಲಿಲ್ಲ. ರಕ್ತ ಸುರಿಸುವ ಬೆಳವಣಿಗೆಯನ್ನು ಕೆರೆದು ಹಾಕಿದರೆ ರಕ್ತ ನಿಲ್ಲುತ್ತದೆ ಎಂಬುದಷ್ಟೇ ಲೆಕ್ಕ. ಕೆರೆದದ್ದರಲ್ಲಿ ಏನಿತ್ತು ಎಂದು ನೋಡುವ ಪರಿಪಾಠ ಬೆಳೆದದ್ದು 1870ರ ದಶಕದ ಕೊನೆಯಲ್ಲಿ, ಬರ್ಲಿನ್ನಿನ ಕಾರ್ಲ್ ರೂಗೆ ಮತ್ತು ಯೋಹಾನ್ ಫೈಟ್ ಅವರಿಂದ. ಕಣ್ಣಿಗೆ ಹುಣ್ಣಿನಂತೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟ ಮೇಲೆಯೇ ತೀರ್ಮಾನ ಹೇಳಬೇಕು ಎಂದು ಅವರು ಪಟ್ಟು ಹಿಡಿದರು. ಇಂದಿನ ಬಯಾಪ್ಸಿಯ ಬೇರು ಅಲ್ಲಿದೆ.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಪ್ಯಾರಿಸ್ಸಿನ ದೆಸೊರ್ಮೊ ದೀಪದ ಬೆಳಕನ್ನು ಕನ್ನಡಿಯಿಂದ ಕೊಳವೆಯೊಳಕ್ಕೆ ಹಾಯಿಸುವ ಉಪಕರಣವೊಂದನ್ನು ಮಾಡಿದ್ದ. ಡಬ್ಲಿನ್ನಿನ ಫ್ರಾನ್ಸಿಸ್ ಕ್ರೂಸ್ ಅದರ ಬೆಳಕನ್ನು ಸುಧಾರಿಸಿದ್ದ. ಕ್ರೂಸ್‌ನಿಂದ ಇದನ್ನು ಕಲಿತ ಪಾಂಟಲಿಯೋನಿ ಎಂಬ ವೈದ್ಯ ಅದನ್ನು ಗರ್ಭಕೋಶಕ್ಕೆ ಬಳಸಿ 1869ರಲ್ಲಿ ವರದಿ ಬರೆದ. ರೋಗಿ ಅರವತ್ತು ವರ್ಷದ ಹೆಂಗಸು. ಮುಟ್ಟು ನಿಂತು ಕಾಲವಾಗಿದ್ದರೂ ರಕ್ತ ಹೋಗುತ್ತಿತ್ತು. ಒಳಗೆ ಪಾಲಿಪ್‌ನಂಥ ಬೆಳವಣಿಗೆ ಕಂಡಿತು, ಸಿಲ್ವರ್ ನೈಟ್ರೇಟಿನಿಂದ ಅದನ್ನು ಸುಟ್ಟ. ಗರ್ಭಕೋಶದೊಳಗೆ ಹೀಗೆ ಕೊಳವೆ ಇಟ್ಟು ನೋಡುವ ಹಿಸ್ಟರೋಸ್ಕೋಪಿಯ ಚರಿತ್ರೆ ಶುರುವಾಗುವುದೇ ನಮ್ಮ ಪ್ರಶ್ನೆಯಿಂದ ಎಂಬುದು ಗಮನಿಸಬೇಕಾದ ಸಂಗತಿ. ಆದರೂ ಈ ದಾರಿ ಸುಮಾರು ನೂರು ವರ್ಷ ಬಹುಮಟ್ಟಿಗೆ ಪಾಳು ಬಿದ್ದಿತ್ತು. ಬೆಳಕು ಸಾಲದು, ರಕ್ತ ಅಡ್ಡ ಬರುತ್ತದೆ, ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅದನ್ನು ಹಿಗ್ಗಿಸದೆ ಏನೂ ಕಾಣದು. ಹೀಗಾಗಿ ನೋಡುವುದಕ್ಕಿಂತ ಕೆರೆಯುವುದೇ ಗೆದ್ದಿತು.

ಕೆರೆದದ್ದನ್ನು ಓದುವುದಕ್ಕೂ ಕಾಲ ಬೇಕಾಯಿತು. ಒಳಪದರ ತಿಂಗಳ ಚಕ್ರದೊಂದಿಗೆ ರೂಪ ಬದಲಿಸುತ್ತದೆ ಎಂದು ವಿಯೆನ್ನಾದ ಹಿಟ್ಶ್‌ಮನ್ ಮತ್ತು ಆಡ್ಲರ್ ತೋರಿಸಿದ್ದು 1908ರಲ್ಲಿ. ಅಲ್ಲಿಯವರೆಗೆ ಆರೋಗ್ಯವಂತ ಹೆಂಗಸಿನ ಸಹಜ ಬದಲಾವಣೆಯನ್ನೂ ಉರಿಯೂತವೆಂದು ಬರೆಯುತ್ತಿದ್ದರು. ಸಹಜ ಯಾವುದೆಂದು ತಿಳಿದ ಮೇಲೆಯೇ ಮುಟ್ಟು ನಿಂತವಳ ತೆಳು ಪದರವನ್ನೂ ಅಸಹಜವಾಗಿ ದಪ್ಪಗಾದ ಪದರವನ್ನೂ ಬೇರೆಬೇರೆಯಾಗಿ ಓದಲು ಸಾಧ್ಯವಾಯಿತು.

ಇಪ್ಪತ್ತನೆಯ ಶತಮಾನದ ಬಹುಭಾಗ ಈ ಕೆರೆತವೇ, ಅಂದರೆ ಡಿ ಅಂಡ್ ಸಿಯೇ, ಕೊನೆಯ ಮಾತು. ನಮ್ಮ ಊರುಗಳಲ್ಲಿ 'ಕ್ಲೀನ್ ಮಾಡಿಸೋದು' ಎನ್ನುತ್ತಾರಲ್ಲ, ಅದೇ. 1975ರಲ್ಲಿ ಸ್ಟಾಕ್ ಮತ್ತು ಕನ್ಬೂರ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಸರಳ ಕೆಲಸ ಮಾಡಿದರು. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ಮುಂಚೆ ಎಂದಿನಂತೆ ಕೆರೆದರು. ಆಮೇಲೆ ತೆಗೆದ ಗರ್ಭಕೋಶವನ್ನು ಬಿಚ್ಚಿ, ಕ್ಯೂರೆಟ್ ಎಲ್ಲೆಲ್ಲಿ ತಾಗಿದೆ ಎಂದು ನೋಡಿದರು. ಶೇ. 60 ಮಂದಿಯಲ್ಲಿ ಒಳಗೋಡೆಯ ಅರ್ಧಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ಅದು ತಲುಪಿತ್ತು. ಶೇ. 16 ಮಂದಿಯಲ್ಲಿ ಕಾಲುಭಾಗವೂ ಇಲ್ಲ. ಸುಮಾರು ಒಂದು ಶತಮಾನ 'ಏನೂ ಇಲ್ಲ' ಎಂದು ಬರೆದುಕೊಟ್ಟ ವರದಿಗಳ ಹಿಂದೆ ಇದ್ದದ್ದು ಈ ಅರೆನೋಟ. ಈ ಚರಿತ್ರೆಯಲ್ಲಿ ನನ್ನನ್ನು ಅತಿಯಾಗಿ ಕಾಡಿದ ಅಧ್ಯಯನ ಇದು. ಇದಕ್ಕೆ ಹೊಸ ಯಂತ್ರವೇನೂ ಬೇಕಿರಲಿಲ್ಲ. ಐವತ್ತು ವರ್ಷ ಮೊದಲೇ ಮಾಡಬಹುದಿತ್ತು.

ಅದೇ 1975ರ ಡಿಸೆಂಬರಿನಲ್ಲಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಒಂದೇ ಸಂಚಿಕೆಯಲ್ಲಿ, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ನುಂಗಿದವರಲ್ಲಿ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು ಎಂದು ಎರಡು ಲೇಖನಗಳು ಹೇಳಿದವು. ರಕ್ತಸ್ರಾವದ ಕಾರಣ ಹುಡುಕುವವರು ಅಂದಿನಿಂದ ಮಾತ್ರೆಯ ಚೀಟಿಯನ್ನೂ ಕೇಳಿ ನೋಡಬೇಕಾಯಿತು.

1984ರಲ್ಲಿ ಫ್ರಾನ್ಸಿನ ಕೋರ್ನಿಯೆ ವಿವರಿಸಿದ ಪಿಪೆಲ್ ಅರಿವಳಿಕೆಯನ್ನೂ ಆಪರೇಷನ್ ಥಿಯೇಟರನ್ನೂ ಬೇಡವಾಗಿಸಿತು. ಮೂರು ಮಿಲಿಮೀಟರಿನಷ್ಟು ದಪ್ಪದ ಪ್ಲಾಸ್ಟಿಕ್ ನಳಿಗೆ. ಒಳಗಿನ ಕಡ್ಡಿಯನ್ನು ಹಿಂದಕ್ಕೆಳೆದರೆ ನಿರ್ವಾತ ಉಂಟಾಗಿ ಪದರದ ಚೂರು ಒಳಕ್ಕೆ ಬರುತ್ತದೆ. ಒಳಗೋಡೆಯ ಬಹುಭಾಗವನ್ನು ಆವರಿಸಿದ ಕ್ಯಾನ್ಸರನ್ನು ಚೆನ್ನಾಗಿ ಹಿಡಿಯುತ್ತದೆ. ಪಾಲಿಪ್ ಮತ್ತು ಒಂದೇ ಮೂಲೆಯಲ್ಲಿರುವ ಗಡ್ಡೆ ತಪ್ಪಿಸಿಕೊಳ್ಳಬಹುದು.

ಆಮೇಲೆ ಬಂದದ್ದು ಯೋನಿಯ ಮೂಲಕ ಮಾಡುವ ಸ್ಕ್ಯಾನ್. 1995ರಲ್ಲಿ ನಾರ್ಡಿಕ್ ದೇಶಗಳ ಅಧ್ಯಯನವೊಂದು ಮುಟ್ಟು ನಿಂತ ಮೇಲೆ ರಕ್ತ ಕಂಡ 1,168 ಹೆಂಗಸರ ಒಳಪದರವನ್ನು ಅಳೆಯಿತು. 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿದ್ದವರಲ್ಲಿ ಒಬ್ಬರಲ್ಲೂ ಕ್ಯಾನ್ಸರ್ ಇರಲಿಲ್ಲ. ಈ ಗೆರೆ ಲೋಕವೆಲ್ಲ ಹಬ್ಬಿತು. ಅಸಂಖ್ಯ ಹೆಂಗಸರನ್ನು ಬೇಡದ ಕೆರೆತದಿಂದ ಪಾರು ಮಾಡಿತು. ಆದರೆ ಈ ಕ್ಯಾನ್ಸರಿನಲ್ಲಿ ಎರಡು ಬಗೆಯಿದೆ ಎಂದು ಲೆನಿನ್‌ಗ್ರಾಡಿನ ಬೊಖ್ಮನ್ 1983ರಲ್ಲೇ ಬರೆದಿದ್ದ. ಈಸ್ಟ್ರೋಜನ್ನಿನಿಂದ ದಪ್ಪಗಾದ ಪದರದಲ್ಲಿ ಹುಟ್ಟುವುದು ಒಂದು; ಹಾರ್ಮೋನಿನ ಹಂಗಿಲ್ಲದ, ಉಗ್ರವಾದದ್ದು ಇನ್ನೊಂದು. ಎರಡನೆಯದು ತೆಳು ಪದರದಲ್ಲೂ ಹುಟ್ಟಬಲ್ಲದು. ಅಮೆರಿಕದಲ್ಲಿ ಈ ಬಗೆ ಕಪ್ಪು ಜನಾಂಗದ ಹೆಂಗಸರಲ್ಲಿ ಹೆಚ್ಚು. ಕೆಮಿ ಡಾಲ್ ಮತ್ತು ಸಂಗಡಿಗರು 2024ರಲ್ಲಿ ಒಳಪದರದ ಕ್ಯಾನ್ಸರ್ ಬಂದ 210 ಕಪ್ಪು ಹೆಂಗಸರ ಹಳೆಯ ಸ್ಕ್ಯಾನ್‌ಗಳನ್ನು ತೆರೆದು ನೋಡಿದಾಗ, ಸುಮಾರು ಹತ್ತರಲ್ಲೊಬ್ಬರ ಪದರದ ಅಳತೆ ಆ ಗೆರೆಯ ಕೆಳಗೇ ಇತ್ತು. ಫೈಬ್ರಾಯ್ಡ್ ಗಡ್ಡೆಗಳಿದ್ದರೆ ಪದರ ಸ್ಪಷ್ಟವಾಗಿ ಕಾಣುವುದೂ ಕಷ್ಟ.

ನಮ್ಮಲ್ಲಿಗೆ ಈ ಗೆರೆ ಬಂದದ್ದು ಪಠ್ಯಪುಸ್ತಕದ ಮೂಲಕ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಭಾರತದಲ್ಲಿ ಗರ್ಭಕಂಠದ ಕ್ಯಾನ್ಸರ್ ಒಳಪದರದ್ದಕ್ಕಿಂತ ಬಹಳ ಹೆಚ್ಚು. ಅದೂ ರಕ್ತಸ್ರಾವವಾಗಿಯೇ ತೋರಿಕೊಳ್ಳುತ್ತದೆ, ಪದರ ಅಳೆದರೆ ಸಿಗುವುದಿಲ್ಲ. ಸ್ಪೆಕ್ಯುಲಮ್ ಇಟ್ಟು ಕಣ್ಣಾರೆ ನೋಡಬೇಕು. ಅದಕ್ಕೆ ಐದು ನಿಮಿಷ ಸಾಕು, ಒಳ್ಳೆಯ ಬೆಳಕು ಬೇಕು, ಮರೆ ಬೇಕು, 'ಅಮ್ಮಾ, ಹೆದರಬೇಡಿ' ಎನ್ನುವ ಒಂದು ದನಿ ಬೇಕು. ನೇರವಾಗಿ ಸ್ಕ್ಯಾನ್‌ಗೆ ಬರೆದುಕೊಡುವ ಅವಸರದಲ್ಲಿ ಬಿಟ್ಟುಹೋಗುವುದು ಇದೇ. ಕಾರಣ ಹುಡುಕದೆ ಗರ್ಭಕೋಶವನ್ನೇ ತೆಗೆದುಬಿಡುವುದು ಇನ್ನೊಂದು ಕೇಡು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು, ಅದೂ ಚಿಕ್ಕ ವಯಸ್ಸಿನವರು, ಇದರ ವಿರುದ್ಧ ಕಳೆದ ದಶಕದಲ್ಲಿ ದನಿ ಎತ್ತಿದ್ದರು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಗರ್ಭಕೋಶದ ಕ್ಯಾನ್ಸರಿನ ಒಂದೊಂದು ಪ್ರಕರಣದ ಜೊತೆಗೂ ರಕ್ತ ಮೊದಲು ಕಂಡ ತಿಂಗಳು, ಮೊದಲ ಸ್ಕ್ಯಾನಿನಲ್ಲಿ ಪದರದ ಅಳತೆ, ಮೊದಲ ಬಯಾಪ್ಸಿಯ ಫಲ, ಇಷ್ಟನ್ನು ಸೇರಿಸಿ ಬರೆದಿಟ್ಟರೆ, 4 ಮಿಲಿಮೀಟರ್ ಎಂಬುದು ಮಂಡ್ಯದ, ರಾಯಚೂರಿನ ಹೆಂಗಸಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂದು ಹತ್ತು ವರ್ಷಗಳಲ್ಲಿ ನಾವೇ ಲೆಕ್ಕ ಹಾಕಿ ಹೇಳಬಹುದು.